ಒಂದು ಕಾಲು ಚಾಚಿ ಕೂತವನು

ನಿಮ್ಮ ಕ್ಯಾಂಪಿನ ಅಣ್ಣ ಊರಿಗೆ ಹೋದ ಎಂದು ನಿಮಗೆ ಹೇಳಿದ್ದಾರೆ. ಅವನು ಊರಿಗೆ ಹೋಗಲಿಲ್ಲ, ಸತ್ತ. ಪಟ್ಟಂದೂರು ಅಗ್ರಹಾರದ ಅಂಚಿನಲ್ಲಿ, ಗಾಜಿನ ಆಫೀಸುಗಳ ಕಾಂಪೌಂಡಿಗೆ ಅಂಟಿಕೊಂಡ ಸ್ಮಶಾನದಲ್ಲಿ ಇದ್ದಾನೆ. ನಿಮ್ಮ ಶಾಲೆಯ ಬಸ್ಸು ಆ ಗೋಡೆಯನ್ನು ಬಳಸಿಕೊಂಡೇ ತಿರುಗುತ್ತದೆ.

ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗದು. ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ, ಹೊರಟರೂ ಯಾರ ಕಿವಿಗೂ ಮುಟ್ಟುವುದಿಲ್ಲ. ನಿಮ್ಮ ಅಜ್ಜ ಇದ್ದಷ್ಟು ದಿನ ನನ್ನ ಮಾತನ್ನೂ ಅವರೇ ಆಡಿದರು. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ನನ್ನ ಕೈಬಿಟ್ಟಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ದೊಡ್ಡವರಾದ ಮೇಲೆ ಓದಿ. ಓದಿ ನಿಮ್ಮ ಅಪ್ಪ ಅಮ್ಮನ ಮೇಲೆ ಸಿಟ್ಟು ಬಂದರೆ ಬರಲಿ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಅವನು ನಮ್ಮ ಕಡೆಯ ಹುಡುಗ, ಕೊಪ್ಪಳದ ಆಚೆಯ ಒಂದು ಹಳ್ಳಿಯವನು. ವ್ಯಾಯಾಮ ಶಿಕ್ಷಕನಾಗಲು ಓದಿದ್ದ. ಶಾಲೆಯಲ್ಲಿ ಕೆಲಸ ಸಿಗದೆ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಡಬ್ಬಗಳಿಗೆ ಮುಚ್ಚಳ ಹಾಕುತ್ತಿದ್ದ. ಬೇಸಿಗೆ ರಜೆ ಬಂದರೆ ರಾತ್ರಿ ಪಾಳಿ ಬೇಡಿ ಹಾಕಿಸಿಕೊಂಡು, ಬೆಳಿಗ್ಗೆ ನಮ್ಮ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಬಂದು ನಿಮಗೆ ಶಿಬಿರ ಮಾಡುತ್ತಿದ್ದ. ಕೊರಳಲ್ಲಿ ಸೀಟಿ, ಕಾಲಲ್ಲಿ ಹವಾಯಿ ಚಪ್ಪಲಿ. ನಿದ್ದೆಗೆಟ್ಟ ಕೆಂಪು ಕಣ್ಣು ನೋಡಿ ಯಾರೋ ಒಬ್ಬರು ತಾಯಿ ಅವನು ಕುಡಿಯುತ್ತಾನೆ ಎಂದು ಲಿಫ್ಟಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಮೊದಲ ದಿನವೇ ಅವನು ನಿಮ್ಮನ್ನೆಲ್ಲ ಹುಲ್ಲಿನ ಮೇಲೆ ವೃತ್ತವಾಗಿ ಕೂರಿಸಿದ. ಅವನ ಶಿಬಿರ ಶುರುವಾಗುತ್ತಿದ್ದದ್ದೇ ಹಾಗೆ.

"ಚಕ್ಕಳಬಕ್ಕಳ ಹಾಕಿ ಕುಂದರ್ರಿ. ಕುಂದರಾಕ ಬರಲಾರದವ್ರು ಓಡಾಕ ಹ್ಯಾಂಗ ಕಲೀತೀರಿ?"

ನಿಮ್ಮಲ್ಲಿ ಅರ್ಧ ಜನಕ್ಕೆ ಕೂರಲು ಬರಲಿಲ್ಲ. ಹುಟ್ಟಿದಾಗಿನಿಂದ ಕುರ್ಚಿ, ಸೋಫಾ, ಕಾರಿನ ಸೀಟು. ಸಣ್ಣವನೇ, ನೀನಂತೂ ಒಂದು ಕಾಲು ಮಡಿಸಿದರೆ ಇನ್ನೊಂದು ಕಾಲು ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು.

"ಲೇ ಕಟಗಿ ಕಾಲಿನ್ಯಾವ, ಆ ಮಣಕಾಲು ಎಲ್ಲಿ ಒತ್ತೆ ಇಟ್ಟಿಯೋ?" ಎಂದು ಅವನು ಎದುರಿಗೆ ಕೂತು ಮೆಲ್ಲಗೆ ಮೊಣಕಾಲು ಅದುಮಿದ. ನೀನು ಅಳುವ ಮುಖ ಮಾಡಿದೆ. ಕೂಡಲೇ ಕೈ ತೆಗೆದ. "ಇರಲಿ ಬಿಡೋ. ಇವತ್ತ ಒಂದ್ ಬಂತಲ್ಲ, ಇನ್ನೊಂದ್ ನಾಳಿಗಿ ಬರ್ತೈತಿ."

ನಾಳೆಯೂ ಬರಲಿಲ್ಲ. ಇಡೀ ಬೇಸಿಗೆ ನೀನು ಒಂದು ಕಾಲು ಚಾಚಿಯೇ ಕೂತೆ, ಅವನು ದಿನವೂ ಅದೇ ಮಾತು ಹೇಳಿದ.

ದೊಡ್ಡವಳೇ, ನೀನು ಅವನ ಮಾತನ್ನು ಅಣಕಿಸುತ್ತಿದ್ದೆ. ಮನೆಗೆ ಬಂದವರ ಮುಂದೆ ಸೋಫಾದ ಮೇಲೆ ನಿಂತು "ಹೌದಲ್ರೀ ಮತ್ತ, ಏನ್ ಮಾಡಾಕತ್ತೀರಿ ಮತ್ತ" ಎಂದರೆ ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದು ನಾನು ಹುಟ್ಟಿ ಬೆಳೆದ ಊರಿನ ಮಾತು ಎಂದು ಅವರಿಗೆ ನೆನಪಾಗುತ್ತಿರಲಿಲ್ಲ, ಯಾಕೆಂದರೆ ನಾನು ಮಾತೇ ಆಡುತ್ತಿರಲಿಲ್ಲ. ಒಮ್ಮೆ ನೀನು ಹಾಗೆ ಅಣಕಿಸುತ್ತ ಅವನ ಎದುರಿಗೇ ಸಿಕ್ಕಿಬಿದ್ದೆ. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. "ನಿನ್ನ 'ಮತ್ತ' ಸರಿಯಾಗಿಲ್ಲವ್ವಾ. ಸ್ವಲ್ಪ ಜಗ್ಗಬೇಕು. ನಿಮ್ಮ ಅಜ್ಜಿ ಹಂತ್ಯಾಕ ಕಲಿ" ಎಂದು ಮೇಲೆ ಬಾಲ್ಕನಿಯಲ್ಲಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದ.

ನಾನು ಮೂರನೆಯ ಮಹಡಿಯ ಬಾಲ್ಕನಿಯಿಂದ ಕೆಳಗಿಳಿಯುತ್ತಿರಲಿಲ್ಲ. ಕೆಳಗೆ ಹೋದರೆ ಯಾರಾದರೂ ಮಾತಾಡಿಸುತ್ತಾರೆ ಎಂಬ ಹೆದರಿಕೆ. ಅವನು ಕೆಳಗಿನಿಂದಲೇ ನನಗೆ ಕೆಲಸ ಕೊಟ್ಟ. "ಯವ್ವಾರ, ಅಲ್ಲೇ ನಿಂತು ನೋಡ್ರಿ. ಈ ಕಳ್ಳರು ಔಟ್ ಆದ್ರೂ ಹೋಗವಲ್ರು. ಔಟ್ ಆಗಿದ್ರ ಕೈ ಎತ್ರಿ, ಸಾಕು!" ಖೋಖೋ ಆಟಕ್ಕೆ ನಾನು ಅಂಪೈರ್ ಆದೆ. ಕೈ ಎತ್ತಿದರೆ ಅವನು ಸೀಟಿ ಊದುತ್ತಿದ್ದ, ನೀವು ನನ್ನನ್ನು ಬೈಯುತ್ತ ಆಚೆ ಹೋಗುತ್ತಿದ್ದಿರಿ. ನಿಮ್ಮ ಅಜ್ಜ ಹೋದ ಮೇಲೆ ನಾನು ಕೈ ಎತ್ತಿದ್ದಕ್ಕೆ ಲೋಕದಲ್ಲಿ ಏನಾದರೂ ಆದದ್ದು ಅಷ್ಟೇ.

ಅವನನ್ನು ತೆಗೆದದ್ದು ಎರಡು ಬೇಸಿಗೆಯ ಹಿಂದೆ. ಕ್ಲಬ್‌ಹೌಸಿನಲ್ಲಿ ಸಭೆ ಕರೆದಿದ್ದರು. ನಿಮ್ಮ ಅಮ್ಮ ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಒಬ್ಬಳೇ ಮನೆಯಲ್ಲಿ ಕೂತರೆ ಬೇಜಾರು ಎಂದು. ಮಕ್ಕಳ ಮೊಣಕಾಲು ತರಚುತ್ತಿದೆ, ಮಕ್ಕಳು ಕಪ್ಪಾಗುತ್ತಿದ್ದಾರೆ, ಇಂಗ್ಲಿಷ್ ಇಲ್ಲ.

"ನನ್ ಮಗಳು ಮನೇಲಿ ಯವ್ವಾ ಅಂತಾಳೆ ಕಣ್ರೀ" ಎಂದರು ಒಬ್ಬರು. "ಮೊನ್ನೆ ಅವ್ರಜ್ಜಿಗೆ ಫೋನಲ್ಲಿ 'ಲೇ' ಅಂದ್ಬಿಟ್ಳು!"

ಎಲ್ಲರೂ ನಕ್ಕರು. ರೋಬೋಟ್ ಮಾಡುವುದನ್ನು ಕಲಿಸುವ ಒಂದು ಸಂಸ್ಥೆಗೆ ಶಿಬಿರ ವಹಿಸುವುದೆಂದಾಯಿತು. ಕೈ ಎತ್ತಿ ಎಂದಾಗ ನಿಮ್ಮ ಅಮ್ಮನೂ ಎತ್ತಿದಳು, ಅಪ್ಪನೂ ಎತ್ತಿದ. ಬೇಡ ಅನ್ನುವವರು ಯಾರಾದರೂ ಇದ್ದೀರಾ ಎಂದು ಕಾರ್ಯದರ್ಶಿ ಕೇಳಿದರು. ಹಿಂದಿನ ಸಾಲಿನಿಂದ ನಾನು ಕೈ ಎತ್ತಿದೆ.

"ಅಜ್ಜಿ, ವಾಶ್‌ರೂಮ್ ಆ ಕಡೆ" ಎಂದರು ಕಾರ್ಯದರ್ಶಿ.

ನಿಮ್ಮ ಅಮ್ಮ ನನ್ನ ಕೈ ಹಿಡಿದು ಕೆಳಗಿಳಿಸಿದಳು.

ಈ ಮೇ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಮಾತ್ರೆ ನುಂಗಿ ಪಾಳಿಗೆ ಹೋದ, ಮತ್ತೆ ನುಂಗಿ ಮತ್ತೆ ಹೋದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ರಕ್ತದಲ್ಲಿ ಇರಬೇಕಾದದ್ದು ಇರಲಿಲ್ಲವಂತೆ. ಒಂದು ಬೆಳಿಗ್ಗೆ, ನೀವು ಹೊಸ ಕ್ಯಾಂಪಿಗೆ ಹೋದ ಮೇಲೆ, ನಿಮ್ಮ ಅಪ್ಪನಿಗೆ ಫೋನ್ ಬಂತು. ಶಿಬಿರದ ಕಾಲದ ನಂಬರು ಹುಡುಕಿ ಮಾಡಿದವನು ಅವನ ರೂಮಿನಲ್ಲಿದ್ದ ಗೆಳೆಯ, ಕಟ್ಟಡಗಳಿಗೆ ಗಾರೆ ಕೆಲಸ ಮಾಡುವವನು. ಅಣ್ಣ ಹೋಗಿಬಿಟ್ಟ ಸಾರ್, ಅವನ ತಾಯಿ ಲೈನಿನಲ್ಲಿದ್ದಾರೆ ಎಂದ.

ನಿಮ್ಮ ಅಪ್ಪ ಸ್ಪೀಕರ್ ಹಾಕಿದ್ದ. ಆ ಹೆಣ್ಣುಮಗಳು ಅಳುತ್ತಿರಲಿಲ್ಲ. ದೂರದಲ್ಲಿರುವವರಿಗೆ ಕೂಗಿ ಹೇಳುವಂತೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

"ನನ್ ಮಗನ್ನ ಕುಂದರಸ್ರೀ ಯಪ್ಪಾ. ನಾ ಬರೂಮಟ ಕುಂದರಸಿ ಇಡ್ರಿ. ಬ್ಯಾರೆ ಏನೂ ಬ್ಯಾಡ."

"ಆಯ್ತಮ್ಮ, ಎಲ್ಲಾ ನಾವ್ ನೋಡ್ಕೊಳ್ತೀವಿ" ಎಂದ ನಿಮ್ಮ ಅಪ್ಪ.

ಅವಳು ಕೇಳಿದ್ದು ಏನೆಂದು ನಿಮಗೆ ಗೊತ್ತಿರಲಾರದು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಉಸಿರು ನಿಂತ ಕೂಡಲೇ, ಮೈ ಬೆಚ್ಚಗಿರುವಾಗಲೇ ಕಾಲು ಮಡಿಸಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಪೂಜೆಗೆ ಕೂತವರ ಹಾಗೆ ಕಾಣುತ್ತಾರೆ. ಹಾಗೆ ಕೂತೇ ಗುಂಡಿಗೆ ಇಳಿಯುತ್ತಾರೆ. ತಡವಾದರೆ ಮೈ ಸೆಟೆಯುತ್ತದೆ, ಆಮೇಲೆ ಮಡಿಸಲು ಬಾರದು. ನಿಮ್ಮ ಅಜ್ಜ ಹೋದಾಗ ನಾನು ಅವರ ಎದೆಯ ಮೇಲೆ ಬಿದ್ದಿದ್ದೆ. ಅವರ ಹೆತ್ತ ತಾಯಿ ನನ್ನ ಬೆನ್ನಿಗೆ ಗುದ್ದಿ ಎಬ್ಬಿಸಿದಳು. "ಆಮ್ಯಾಲ ಅಳು. ಮೊದಲ ಕಾಲ್ ಮಡಚ!" ನಾವಿಬ್ಬರೂ ಸೇರಿ ಮಡಿಸಿದೆವು. ಅಳುವುದು ಆಮೇಲೆ.

ನಿಮ್ಮ ಅಪ್ಪನ ಮನೆಯವರೂ ಹಾಗೆಯೇ ಕೂರಿಸುವವರು. ಅವನ ಅಜ್ಜನನ್ನು ಹಾಗೆ ಕೂರಿಸಿದ್ದನ್ನು ಅವನು ನೋಡಿರಲೇಬೇಕು. ಆದರೆ ಯಾರು ಯಾವಾಗ ಕಾಲು ಮಡಿಸುತ್ತಾರೆ ಎಂಬುದನ್ನು ಹುಡುಗರಿಗೆ ಯಾರೂ ತೋರಿಸುವುದಿಲ್ಲ. ಕೂತ ಮೇಲೆಯೇ ಅವರನ್ನು ಒಳಗೆ ಕರೆಯುತ್ತಾರೆ.

ಹೆಣವನ್ನು ಅವನ ರೂಮಿಗೆ ತಂದರು. ಬಾಗಿಲಲ್ಲಿ ಮನೆಯ ಮಾಲೀಕ ಅಡ್ಡ ನಿಂತಿದ್ದ.

"ಉಡುಗ ಒಳ್ಳೇವ್ನು ಸಾರ್, ಇಲ್ಲ ಅಂದ್ನಾ ನಾನು? ಆದ್ರೆ ನಕ್ಸತ್ರ ಸರಿ ಇಲ್ಲ. ಎಣ ಒಳಿಕ್ ಬಂದ್ರೆ ಆರು ತಿಂಗ್ಳು ಬಾಗ್ಲಾಕ್ಬೇಕು. ಮಿಕ್ಕ ರೂಮ್ನೋರು ಎಲ್ಲೋಗ್ತಾರೆ, ನಿಮ್ಮ ಅಪಾಲ್ಟ್‌ಮೆಂಟ್ನಾಗೆ ಇಟ್ಕಂತೀರಾ?"

ನಮ್ಮ ಗೇಟಿನೊಳಗೆ ತರುವ ಮಾತು ಅಷ್ಟರಲ್ಲಾಗಲೇ ವಾಟ್ಸಾಪಿನಲ್ಲಿ ಬಂದು ಹೋಗಿತ್ತು. ಮಕ್ಕಳ ಮನಸ್ಸಿನ ಮೇಲೆ ಪರಿಣಾಮ ಆಗುತ್ತದೆ ಎಂದು ಒಬ್ಬರು ಬರೆದಿದ್ದರು. ಅದರ ಕೆಳಗೆ ಐವತ್ತು ಜನ ಕೈ ಮುಗಿದಿದ್ದರು. ಅದಕ್ಕೋ, ಅವನು ಸತ್ತದ್ದಕ್ಕೋ, ಗೊತ್ತಾಗಲಿಲ್ಲ.

ಹಾಗಾಗಿ ಬೀದಿಯಲ್ಲೇ, ಹಿಟ್ಟಿನ ಗಿರಣಿಯ ಪಕ್ಕ, ಒಂದು ಶಾಮಿಯಾನ ಹಾಕಿದರು. ನಮ್ಮ ಕಾರ್ಯದರ್ಶಿ ಫೋನ್ ಮಾಡಿ ಫ್ರೀಜರ್ ಪೆಟ್ಟಿಗೆ ತರಿಸಿದರು. ಗಾಜಿನ ಮುಚ್ಚಳದ, ಉದ್ದನೆಯ ಪೆಟ್ಟಿಗೆ.

ನಾನು ಅಲ್ಲಿದ್ದೆ. ನಿಮ್ಮ ಅಮ್ಮ ಕಳಿಸಿದ್ದಳು. "ಅಮ್ಮ, ನೀನೇ ಹೋಗು. ನಿಮ್ಮ ಕಡೆಯವರು, ನಿಂಗೆ ಗೊತ್ತಾಗುತ್ತೆ" ಎಂದಿದ್ದಳು. ಪೆಟ್ಟಿಗೆ ನೋಡಿ ನಾನು ಅಳಿಯನ ತೋಳು ಮುಟ್ಟಿದೆ.

"ಇದರಾಗ ಇಡಬ್ಯಾಡ್ರಿ. ಕುಂದರಸಬೇಕು. ಈಗ ಕುಂದರಸಬೇಕು."

"ಅತ್ತೆ, ತಾಯಿ ಬರೋದೇ ನಾಳೆ ಬೆಳಿಗ್ಗೆ. ಈ ಬಿಸಿಲಲ್ಲಿ ಅಲ್ಲೀವರೆಗೂ ಕೂರಿಸಿದ್ರೆ ಏನಾಗುತ್ತೆ ಹೇಳಿ?"

"ಕುಂದರಸಿ, ಆಮ್ಯಾಲ..."

"ಫ್ರೀಜರಲ್ಲಿ ಕೂತ್ಕೊಳ್ಳೋಕೆ ಆಗುತ್ತಾ ಅತ್ತೆ?"

ಕಾರ್ಯದರ್ಶಿ ಬೇರೆ ಕಡೆ ತಿರುಗಿ ನಕ್ಕರು. ಪೆಟ್ಟಿಗೆಯ ಜೊತೆ ಬಂದ ಹುಡುಗರು ಹೆಣವನ್ನು ನೆಟ್ಟಗೆ ಮಲಗಿಸಿ, ಕೈಗಳನ್ನು ಪಕ್ಕಕ್ಕೆ ಇಟ್ಟು, ಕಾಲಿನ ಎರಡು ಹೆಬ್ಬೆರಳು ಸೇರಿಸಿ ದಾರ ಕಟ್ಟಿದರು. ಗಿರಣಿಯಿಂದ ವೈರ್ ಎಳೆದರು. ಪೆಟ್ಟಿಗೆ ಗುಂಯ್ ಎನ್ನಲು ಶುರುಮಾಡಿತು. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಒಳ್ಳೆಯ ಕೆಲಸ ಮಾಡಿದೆವು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಅವರು ಮಾಡಿದ್ದೂ ಒಳ್ಳೆಯ ಕೆಲಸವೇ. ಬೇರೆ ಯಾರು ಬಂದಿದ್ದರು?

ಮರುದಿನ ಬೆಳಿಗ್ಗೆ ಆ ತಾಯಿ ಬಂದಳು. ನನ್ನಷ್ಟೇ ವಯಸ್ಸು, ನನಗಿಂತ ಗಿಡ್ಡ. ಕೈಚೀಲದಲ್ಲಿ ಬಿಲ್ವಪತ್ರೆ, ವಿಭೂತಿ ಗಟ್ಟಿ, ಮಗನಿಗೆಂದು ಹೊಸ ಪಂಚೆ. ಬಸ್ಸಿನಿಂದಿಳಿದು ಮುಖ ಕೂಡ ತೊಳೆದಿರಲಿಲ್ಲ. ಗಾಜಿನ ಮೇಲೆ ಆವಿ ಕಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿ ಒಳಗೆ ನೋಡಿದಳು.

"ಯಾಕ ಮಲಗಸೀರಿ?"

ಕಾರ್ಯದರ್ಶಿ ಬಗ್ಗಿ ಪೆಟ್ಟಿಗೆಯ ವೈರ್ ಸರಿಮಾಡತೊಡಗಿದರು.

"ನಾ ಏನ್ ಕೇಳಿದ್ದೆ? ಒಂದ ಕೇಳಿದ್ದೆ. ಬ್ಯಾರೆ ಏನರ ಕೇಳಿದ್ನ್ಯಾ?"

"ಅಮ್ಮ, ಬಾಡಿ ಕೆಡುತ್ತೆ ಅಂತ..." ಎಂದು ನಿಮ್ಮ ಅಪ್ಪ ಶುರುಮಾಡಿದ. ಆ ಬಾಡಿ ಎಂಬ ಮಾತಿಗೆ ಅವಳು ತಲೆ ಎತ್ತಿ ಅವನನ್ನು ನೋಡಿದಳು.

ಸ್ಮಶಾನದಲ್ಲಿ ಗುಂಡಿ ತಯಾರಾಗಿತ್ತು. ಅವನ ಗೆಳೆಯನೂ ಜೊತೆಯ ಕೆಲಸಗಾರರೂ ಬೆಳಕು ಹರಿಯುವಾಗಲೇ ತೋಡಿದ್ದರು, ಕೂತವನಿಗೆ ಬೇಕಾದಷ್ಟು ಅಗಲ, ಒಂದು ಬದಿಗೆ ಗೂಡು. ಎಲ್ಲಿಂದಲೋ ಹುಡುಕಿ ತಂದ ಅಯ್ಯನವರು ಗಂಟೆ ಹಿಡಿದು ಕಾಯುತ್ತಿದ್ದರು. ಕೂತವರ ತಲೆಯ ಮೇಲೆ ಪಾದವಿಟ್ಟು ಕಳಿಸುವುದು ಅವರ ಕೆಲಸ.

ಪೆಟ್ಟಿಗೆಯಿಂದ ತೆಗೆದಾಗ ಅವನು ಹಲಗೆಯಂತಿದ್ದ. ಗೋಡೆಗೆ ಆನಿಸಿದರು. ಹಲಗೆಯನ್ನು ಆನಿಸಿದಂತೆಯೇ ನಿಂತ, ಆಮೇಲೆ ಜಾರಿದ. ಗೆಳೆಯ ತಲೆ ಹಿಡಿದುಕೊಳ್ಳದಿದ್ದರೆ ಕಲ್ಲಿಗೆ ಬಡಿಯುತ್ತಿತ್ತು. ಕಾರ್ಯದರ್ಶಿ ಕರೆ ಬಂತೆಂದು ಗೇಟಿನ ಆಚೆ ಹೋದರು.

"ಕೂತಿಲ್ಲದವನಿಗೆ ಪಾದ ಎಲ್ಲಿಡ್ಲಿ ನಾನು?" ಎಂದರು ಅಯ್ಯನವರು. "ನಂಗೆ ಇನ್ನೂ ಒಂದು ಕಡೆ ಹೋಗೋದಿದೆ."

ಬಿಸಿಲಿಗೆ ಇಡೋಣ ಎಂದು ಯಾರೋ ಅಂದರು. ಚಾಪೆ ಹಾಸಿ ಬಿಸಿಲಿನಲ್ಲಿ ಮಲಗಿಸಿದರು. ಕೆಲಸಗಾರರು ಟೀ ಅಂಗಡಿಯಿಂದ ಪಾತ್ರೆಯಲ್ಲಿ ಬಿಸಿನೀರು ತಂದರು. ತಾಯಿ ಬಲಗಾಲಿನ ಹತ್ತಿರ ಕೂತಳು. ಎಡಗಾಲಿನ ಹತ್ತಿರ ಯಾರೂ ಇರಲಿಲ್ಲ. ನಾನು ಕೂತೆ. ಬಟ್ಟೆ ಅದ್ದಿ ಮೊಣಕಾಲಿಗೆ ಸುತ್ತುವುದು, ತಣ್ಣಗಾದರೆ ಮತ್ತೆ ಅದ್ದುವುದು. ನಿಮ್ಮ ಕಾಲನ್ನು ಅದುಮಿದ ಆ ಕೈಗಳು ಪಕ್ಕದಲ್ಲಿ ಬೆವರುತ್ತಿದ್ದವು. ಬೆವರಲ್ಲ, ಕರಗುವ ನೀರು. ತಾಯಿ ಅವನ ಎಡಗೈ ಬೆರಳುಗಳಿಗೆ ಬಾಯಿಂದ ಬಿಸಿಯುಸಿರು ಊದಿ ಒಂದೊಂದಾಗಿ ಬಿಡಿಸಿದಳು, ಲಿಂಗ ಹಿಡಿಯಲೆಂದು. ಗೋಡೆಯ ಆಚೆ ಆಫೀಸಿನವರು ಕೊರಳಿಗೆ ಕಾರ್ಡು ಹಾಕಿಕೊಂಡು ಊಟಕ್ಕೆ ಹೋಗುತ್ತಿದ್ದರು.

ಬಲಗಾಲು ಬಂತು. ತಾಯಿಯ ಕೈಯಲ್ಲಿ ಮೆಲ್ಲಗೆ ಮಡಿಚಿಕೊಂಡಿತು. ನನ್ನ ಕೈಯಲ್ಲಿದ್ದ ಎಡಗಾಲು ಬರಲಿಲ್ಲ.

ಗೆಳೆಯ ಕುಕ್ಕರುಗಾಲಲ್ಲಿ ಕೂತು ನೋಡಿದ. ತಗ್ಗಿದ ದನಿಯಲ್ಲಿ ಹೇಳಿದ: "ಯವ್ವಾ, ಇನ್ನ ತಡಾ ಮಾಡಾಕ ಬರಂಗಿಲ್ಲ. ನಾ ಒಮ್ಮಿ ಜೋರಾಗಿ ಒತ್ತಿದ್ರ ಮಡಚತೈತಿ. ಸಪ್ಪಳ ಆಕ್ಕೈತಿ. ನೀವ್ ಆಕಡೆ ಹೋಗ್ರಿ."

"ಬ್ಯಾಡ."

"ಅವಗೇನ್ ಗೊತ್ತಾಕ್ಕೈತಿ ಬೇ ಈಗ?"

"ನನಗ ಗೊತ್ತಾಕ್ಕೈತಿ. ಮುರೀಬ್ಯಾಡ್ರಿ. ಮಲಗಿಸೂದೂ ಬ್ಯಾಡ."

"ಎರಡೂ ಬೇಡ ಅಂದ್ರೆ ಹೇಗಮ್ಮ?" ಎಂದರು ಅಯ್ಯನವರು, ನಿಮ್ಮ ಅಪ್ಪನ ಕಡೆ ನೋಡುತ್ತ. ನಿಮ್ಮ ಅಪ್ಪ ಗುಂಡಿಯ ಕಡೆ ನೋಡುತ್ತಿದ್ದ.

ಆಗ ನಾನು ಮಾತಾಡಿದೆ. ಗಟ್ಟಿಯಾಗಿ ಬಂತು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಒಂದ್ ಕಾಲು ಚಾಚೇ ಕುಂದರಸ್ರಿ."

ಎಲ್ಲರೂ ತಿರುಗಿದರು. ನಾನು ತಾಯಿಗೆ ಮಾತ್ರ ಹೇಳಿದೆ. "ನನ್ನ ಮೊಮ್ಮಗಗ ಕಾಲು ಮಡಚಾಕ ಬರ್ತಿದ್ದಿಲ್ಲವ್ವಾ. ಇಡೀ ಬ್ಯಾಸಗಿ ಒಂದ್ ಕಾಲು ಚಾಚೇ ಕುಂದರ್ತಿದ್ದ. ನಿನ್ ಮಗಾ ಬೈಲಿಲ್ಲ. ಇರಲಿ ಬಿಡೋ, ಒಂದ್ ಬಂತಲ್ಲ, ಅಂತಿದ್ದ."

"ಹಂಗ ಅಂತಿದ್ನ?"

"ದಿನಾ ಅಂತಿದ್ದ."

ಅವಳು ಮಗನ ಮುಖ ನೋಡಿದಳು. ನಗಲಿಲ್ಲ, ಅಳಲೂ ಇಲ್ಲ. "ಹಂಗ ಕುಂದರಸ್ರಿ" ಎಂದಳು.

ಶಾಸ್ತ್ರದಲ್ಲಿ ಹಾಗಿಲ್ಲ ಎಂದರು ಅಯ್ಯನವರು. "ಶಾಸ್ತ್ರ ಬರೂಮಟ ನಾನೂ ಇಲ್ಲೇ ಕುಂದರ್ತೀನ್ರಿ" ಎಂದಳು. ಅವರು ಗಡಿಯಾರ ನೋಡಿ ಗಂಟೆ ಎತ್ತಿಕೊಂಡರು.

ಗುಂಡಿ ಅಳತೆಗೆ ಸಾಲಲಿಲ್ಲ. ಕೂತವನಿಗೆಂದು ತೋಡಿದ್ದು, ಚಾಚಿದ ಕಾಲಿಗೆ ಜಾಗವಿಲ್ಲ. ಕೆಲಸಗಾರರು ಗೊಣಗುತ್ತಲೇ ಇಳಿದು ಒಂದು ಬದಿಯ ಮಣ್ಣು ಕೆತ್ತಿದರು, ಚರಂಡಿಯ ಹಾಗೆ, ಒಂದು ಕಾಲಿನಷ್ಟು. ನಾವೆಲ್ಲ ನಿಂತು ನೋಡುತ್ತಿದ್ದಾಗ ತಾಯಿ ನಿಮ್ಮ ಅಪ್ಪನನ್ನು ಕೇಳಿದಳು:

"ಹುಡುಗ್ರು ಬರಲಿಲ್ಲೇನ್ರಿ? ಫೋನ್ ಮಾಡಿದಾಗೊಮ್ಮಿ ಹುಡುಗ್ರದ ಹೇಳ್ತಿದ್ದ. ಕಟಗಿ ಕಾಲಿನ್ಯಾವ ಅಂತ ಒಬ್ಬ ಅದಾನಂತ."

"ಇವತ್ತು ಅವ್ರಿಗೆ ಕ್ಯಾಂಪ್ ಇದೆ ಅಮ್ಮ."

"ಹೌದ್ರಿ?" ಎಂದಳು. ನಿಜವಾಗಿಯೂ ತಿಳಿಯದೆ ಕೇಳಿದಳು. ಅವನನ್ನು ತೆಗೆದ ವಿಷಯ ಅವನು ಊರಲ್ಲಿ ಹೇಳಿರಲೇ ಇಲ್ಲ. "ಮತ್ತ ಈಗ ಯಾರ್ ಮಾಡಸ್ತಾರ್ರೀ?"

ನಿಮ್ಮ ಅಪ್ಪ ಗುಂಡಿಯ ಅಂಚಿಗೆ ಹೋಗಿ, ಕೆತ್ತಿ ಹಾಕಿದ ಮಣ್ಣನ್ನು ಪಕ್ಕಕ್ಕೆ ಸರಿಸತೊಡಗಿದ.

ಇಳಿಸಿದರು. ಗೂಡಿಗೆ ಬೆನ್ನು ಆನಿಸಿ, ಬಲಗಾಲು ಮಡಿಸಿ, ಎಡಗಾಲು ಚಾಚಿ ಕೂರಿಸಿದರು. ಅಂಗೈಯಲ್ಲಿ ಲಿಂಗ ನಿಂತಿತು. ಕುತ್ತಿಗೆ ಸ್ವಲ್ಪ ಒಂದು ಕಡೆ ವಾಲಿತ್ತು, ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ಆಟ ನೋಡುತ್ತ ತೂಕಡಿಸುತ್ತಿದ್ದನಲ್ಲ, ಹಾಗೆ. ಅಯ್ಯನವರು ಪಾದ ಸೋಕಿಸಿದರು. ವಿಭೂತಿ, ಪತ್ರೆ ಹಾಕಿದರು. ಮಣ್ಣು ಎಳೆಯುವಾಗ ಮೊದಲು ಬಿದ್ದದ್ದು ಆ ಚಾಚಿದ ಕಾಲಿನ ಮೇಲೆ. ತಾಯಿ ಅದನ್ನೇ ನೋಡುತ್ತಿದ್ದಳು, ಹೆಬ್ಬೆರಳು ಮುಚ್ಚುವವರೆಗೂ. ಆಮೇಲೆ ಬೆನ್ನು ತಿರುಗಿಸಿ ಕೂತು ಗಟ್ಟಿಯಾಗಿ ಅತ್ತಳು.

ಮುಂದಿನ ಭಾನುವಾರ ಕ್ಲಬ್‌ಹೌಸಿನಲ್ಲಿ ದೊಡ್ಡವರಷ್ಟೇ ಸೇರಿ ಅವನ ಫೋಟೋ ಇಟ್ಟು ಮೇಣದ ಬತ್ತಿ ಹಚ್ಚಿದರಂತೆ. ಅವನಂಥ ಶಿಬಿರದ ಅಣ್ಣ ಮತ್ತೆ ಸಿಗುವುದಿಲ್ಲ ಎಂದು, ಮಗಳು ಯವ್ವಾ ಅಂತಾಳೆ ಎಂದಿದ್ದವರೇ ಭಾಷಣ ಮಾಡಿದರಂತೆ. ನಾನು ಹೋಗಲಿಲ್ಲ.

ಸ್ಮಶಾನದಿಂದ ಬಂದ ದಿನ ನಾನು ಸ್ನಾನ ಮಾಡಿ ಅಡುಗೆಗೆ ನಿಂತೆ. ನೀವು ಕ್ಯಾಂಪಿನಿಂದ ಬಂದಿರಿ. ಸಣ್ಣವನೇ, ನಿನ್ನ ಕೈಯಲ್ಲಿ ತಾನಾಗಿ ಓಡುವ ಒಂದು ಪ್ಲಾಸ್ಟಿಕ್ ಗಾಡಿ ಇತ್ತು. ಅದನ್ನು ಓಡಿಸಲೆಂದು ಹಾಲಿನಲ್ಲಿ ನೆಲದ ಮೇಲೆ ಕೂತೆ. ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ.

"ಕಾಲ್ ಮಡಿಚ್ಕೋ, ಓಡಾಡೋ ದಾರಿ ಅದು" ಎಂದಳು ನಿಮ್ಮ ಅಮ್ಮ.

"ಬರಲ್ಲ" ಎಂದೆ ನೀನು.

ಊಟಕ್ಕೆ ಕೂತಿದ್ದ ನಿಮ್ಮ ಅಪ್ಪ ಕಲೆಸಿದ ಅನ್ನ ಬಿಟ್ಟು ಎದ್ದು ಬಚ್ಚಲಿಗೆ ಹೋದ. ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದ. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಹೊಸ ಕ್ಯಾಂಪಿನ ಸರ್ ಬೋರು, ಹಳೇ ಅಣ್ಣನನ್ನು ಯಾವಾಗ ಕರೆಸುತ್ತೀರಿ ಎಂದು ನೀನು ಕೇಳಿದ್ದು ಆಗಲೇ.

"ಅಣ್ಣ ಊರಿಗೆ ಹೋದ್ನಂತೆ ಕಣೋ" ಎಂದ ನಿಮ್ಮ ಅಪ್ಪ. ನಿನ್ನ ಕಾಲನ್ನು ದಾಟಿ ಹೋಗಬೇಕಿತ್ತು. ದಾಟಲಿಲ್ಲ. ಸೋಫಾ ಬಳಸಿಕೊಂಡು ಹೋಗಿ ತಟ್ಟೆಯ ಮುಂದೆ ಕೂತ.